ಟೊಯೋಟಾ ಕಾರಿಗೆ ಇಷ್ಟು ಗಟ್ಟಿ ಹೆಸರು ಬಂದಿದ್ದು ಹೇಗೆ?

ಶುರುವಾಗಿದ್ದು ಕಾರಿನಿಂದಲ್ಲ, ಮಗ್ಗದಿಂದ! ಸಕಿಚಿ ಟೊಯೋಡಾ 1924ರಲ್ಲಿ ಮಾಡಿದ ಮಗ್ಗದಲ್ಲಿ ಒಂದು ಎಳೆ ಕಡಿದರೂ ಸಾಕು, ಯಂತ್ರ ತಾನಾಗೇ ನಿಲ್ಲುತ್ತಿತ್ತು. ಸುಮ್ನೆ ಹಾಳು ಬಟ್ಟೆ ನೇಯುತ್ತಾ ಹೋಗುವಂತಿಲ್ಲ. ಮಗ ಕೀಚಿರೊ ಕಟ್ಟಿದ ಕಾರು ಕಂಪನಿ 1937ರಲ್ಲಿ ಶುರುವಾಯಿತು. (ಜಪಾನಿ ಲಿಪಿಯಲ್ಲಿ 'ಟೊಯೋಟಾ' ಬರೆಯಲು 8 ಗೆರೆ ಸಾಕು. 8 ಅಲ್ಲಿ ಅದೃಷ್ಟದ ಸಂಖ್ಯೆ. 'ಡಾ' ಹೋಗಿ 'ಟಾ' ಬರಲು ಇದೂ ಒಂದು ಕಾರಣ.)

ಮಗ್ಗದ ಬುದ್ಧಿಯೇ ಕಾರ್ಖಾನೆಗೂ ಬಂತು. ತಪ್ಪು ಕಂಡ ಕೆಲಸಗಾರ ಎಚ್ಚರಿಕೆ ಕೊಡುವ ಹಗ್ಗ ಎಳೆಯುತ್ತಾನೆ, ಸರಿಹೋಗದಿದ್ದರೆ ಕಾರು ಜೋಡಿಸುವ ಇಡೀ ಲೈನೇ ನಿಲ್ಲುತ್ತದೆ. ಬಾಳಿಕೆಯ ಗುಟ್ಟು ಜಾಸ್ತಿ ಇರುವುದು ಇಲ್ಲೇ ಅನ್ನಿಸುತ್ತದೆ ನನಗೆ.

ಹಾಗಂತ ಎಡವಿಲ್ಲ ಅಂತಲ್ಲ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ತೊಂದರೆಗೆ ಲಕ್ಷಾಂತರ ಕಾರು ವಾಪಸ್ ಕರೆಸಬೇಕಾಯಿತು. ಆದರೂ ನಮ್ಮ ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇನ್ನೋವಾ ಬಗ್ಗೆ ಟ್ಯಾಕ್ಸಿ ಓಡಿಸುವವರನ್ನು ಕೇಳಿ ನೋಡಿ!