ಸೂಳೆಕೆರೆಯ ಆ ಬಿಳಿ ಹಕ್ಕಿ ಬಗ್ಗೆ

ಸೂಳೆಕೆರೆ ಏರಿ ಹತ್ತಿರ ಕಂಡ ಹಳದಿ ಕೊಕ್ಕಿನ, ಕರಿ ಟೋಪಿಯ, ಕವಲು ಬಾಲದ ಹಕ್ಕಿ ಕಡಲ ಹಕ್ಕಿನಾ, ಅಳಿವಿನಂಚಿನಲ್ಲಿದೆಯಾ ಅಂತ ಕೇಳಿದ್ದೀರಿ. ಈ ಗುರುತು ನೋಡಿದರೆ ಅದು ರಿವರ್ ಟರ್ನ್. ಕಡಲ ಟರ್ನ್‌ಗಳ ನೆಂಟ, ಆದರೆ ಬದುಕು ಹೊಳೆ-ಕೆರೆಗಳಲ್ಲೇ. ಮಂಗಳೂರಿಂದ ದಾರಿ ತಪ್ಪಿ ಬಂದಿದ್ದಲ್ಲ!

ಅಳಿವಿನಂಚು ಅನ್ನೋದು ಸ್ವಲ್ಪ ಜಾಸ್ತಿಯಾಯಿತು. ಯಾವ ಜೀವಿಗೆ ಎಷ್ಟು ಅಪಾಯ ಅಂತ ಜಗತ್ತಿನ ಮಟ್ಟದಲ್ಲಿ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು 'ವಲ್ನರಬಲ್' (ಅಪಾಯಕ್ಕೆ ಸಿಲುಕಬಲ್ಲದ್ದು), ಅಂದರೆ ಅಳಿವಿನಂಚಿಗಿಂತ ಒಂದು ಮೆಟ್ಟಿಲು ಕೆಳಗೆ. ಸಂಖ್ಯೆ ಮಾತ್ರ ಇಳಿಯುತ್ತಲೇ ಇದೆ. ನಮ್ಮ ಕಡೆ ಆಗಾಗ ಕಾಣುವುದರಿಂದ ನಂಬೋದು ಕಷ್ಟ, ಅಲ್ವಾ?

ತೊಂದರೆ ಇರುವುದು ಗೂಡಿನಲ್ಲಿ. ಗೂಡು ಅಂತ ಸುಮ್ನೆ ಕರೆಯಬೇಕು, ಅಷ್ಟೇ. ಬರೀ ನೆಲದಲ್ಲಿ ಅಂಗೈಯಷ್ಟು ಕುಳಿ ಮಾಡಿ ಮೊಟ್ಟೆ ಇಡುತ್ತದೆ. ಚುಕ್ಕೆ ಚುಕ್ಕೆ ಮೊಟ್ಟೆ, ಬೆಣಚುಕಲ್ಲಿನ ಹಾಗೆ. ಕಾಲ ಬುಡದಲ್ಲಿದ್ದರೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ಸಾವಿರಾರು ಟರ್ನ್ ಸೇರುತ್ತವೆ. ಮರಿ ಹಾರುವ ಮೊದಲೇ ನೀರು ಏರಿದರೆ ಆ ವರ್ಷದ ಸಂಸಾರ ಮುಳುಗಿತು. ಹೊಳೆಗಳಲ್ಲಿ ಮರಳು ಎತ್ತುವುದು, ನಾಯಿ-ಕಾಗೆಗಳ ಕಾಟ ಬೇರೆ.

ಮುಂದಿನ ಸಲ ಕೊಕ್ಕಿನ ತುದಿ ನೋಡಿ. ಕಪ್ಪಗಿದ್ದರೆ ಅದಿನ್ನೂ ಮರಿ ಮಾಡುವ ವೇಷಕ್ಕೆ ಬಂದಿಲ್ಲ ಅಂತ ಲೆಕ್ಕ.