ಪಟ್ಟಿ ಬೇಡ, ಕ್ರಿಯಾಪದ ನೋಡಿ

ಹತ್ತನೇ ತರಗತಿಯ ಮಗಳ ಪ್ರಬಂಧದಲ್ಲಿ ವಾಕ್ಯಗಳೆಲ್ಲ ‘ಮತ್ತು’, ‘ಆದ್ದರಿಂದ’ ಎಂದೇ ಆರಂಭವಾಗುತ್ತವೆ, ಬೇರೆ ಯಾವ ಸಂಪರ್ಕಪದ ಕಲಿಸಲಿ ಎಂದು ಕೇಳಿದ್ದೀರಿ. ದಯವಿಟ್ಟು ಹೊಸ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಕನ್ನಡದಲ್ಲಿ ಜೋಡಣೆಯ ಹೆಚ್ಚಿನ ಕೆಲಸವನ್ನು ಕ್ರಿಯಾಪದವೇ ಮಾಡುತ್ತದೆ. ‘ಮಳೆ ಬಂದಿತು. ಮತ್ತು ಕೆರೆ ತುಂಬಿತು. ಆದ್ದರಿಂದ ರೈತರು ನಾಟಿ ಆರಂಭಿಸಿದರು’ ಎಂಬುದನ್ನು ‘ಮಳೆ ಬಂದು ಕೆರೆ ತುಂಬಿದ್ದರಿಂದ ರೈತರು ನಾಟಿ ಆರಂಭಿಸಿದರು’ ಎಂದು ಬದಲಿಸಿ ಗಟ್ಟಿಯಾಗಿ ಓದಿಸಿ. ವ್ಯತ್ಯಾಸ ಅವಳ ಕಿವಿಗೇ ತಿಳಿಯುತ್ತದೆ.

ಒಂದು ಎಚ್ಚರ: ಮೇಲಿನ ವಾಕ್ಯದಲ್ಲಿ ಒಗ್ಗಿದರೂ, ಕರ್ತೃ ಬದಲಾದರೆ ‘ಬಂದು’ ಎಂಬಂಥ ರೂಪ ಹಲವು ಕಡೆ ಒಗ್ಗುವುದಿಲ್ಲ. ‘ನಾನು ಬಾಗಿಲು ತೆರೆದು ಅವನು ಒಳಗೆ ಬಂದನು’ ಎನ್ನಲಾಗದು, ‘ತೆರೆದಾಗ’ ಎನ್ನಬೇಕು.

ನಾಮಪದಗಳನ್ನು ಜೋಡಿಸುವಾಗ ‘ಅಣ್ಣ ಮತ್ತು ತಂಗಿ’ ತಪ್ಪಲ್ಲ. ಆದರೂ ‘ಅಣ್ಣನೂ ತಂಗಿಯೂ’ ಎನ್ನುವ ಸೊಗಸನ್ನು ಮಕ್ಕಳು ಬಿಟ್ಟುಕೊಡಬಾರದು ಎಂಬುದು ನನ್ನ ಆಸೆ.

ಬಿಡಿ ಸಂಪರ್ಕಪದಗಳು ನಿಜಕ್ಕೂ ಬೇಕಾಗುವುದು ವಾದ ತಿರುಗುವಲ್ಲಿ, ಹೆಚ್ಚಾಗಿ ಹೊಸ ಪ್ಯಾರಾದ ಆರಂಭದಲ್ಲಿ. ಅಲ್ಲಿ ‘ಹಾಗಿದ್ದರೂ’, ‘ಇದಲ್ಲದೆ’, ‘ಇದಕ್ಕೆ ವಿರುದ್ಧವಾಗಿ’ ಸಾಕು. ಅವಳು ‘ಆದ್ದರಿಂದ’ ಎಂದು ಬರೆದಾಗಲೆಲ್ಲ ‘ಯಾವುದರಿಂದ?’ ಎಂದು ಕೇಳಿ. ಹಿಂದಿನ ವಾಕ್ಯದಲ್ಲಿ ಕಾರಣ ಸಿಗದಿದ್ದರೆ ಆ ಪದವನ್ನು ಹೊಡೆದುಹಾಕಿಸಿ, ಇಲ್ಲವೇ ಕಾರಣವನ್ನು ಬರೆಸಿ.