2045ಕ್ಕೆ ಅಮೆರಿಕದಲ್ಲಿ ಬಿಳಿಯರೇ ಅಲ್ಪಸಂಖ್ಯಾತರಾಗುತ್ತಾರಂತೆ, ನಿಜವಾ?

ನೀವು ಕೇಳಿರುವ 2045 ಯಾರೋ ವಾಟ್ಸಾಪಿನಲ್ಲಿ ಹುಟ್ಟಿಸಿದ ವರ್ಷವಲ್ಲ. ಇಲ್ಲಿನ ಜನಗಣತಿ ಇಲಾಖೆಯೇ 2018ರಲ್ಲಿ ಹೊರಗೆ ತಂದ ಅಂದಾಜು. ಆದರೆ ಆ ಲೆಕ್ಕದಲ್ಲಿ ಬಿಳಿಯರು ಅಂದ್ರೆ ಯಾರು ಅನ್ನೋದೇ ಸ್ವಲ್ಪ ತಮಾಷೆ. ಅದು ನನಗೆ ಅರ್ಥವಾಗಿದ್ದು ಮೊಮ್ಮಗಳ ದೆಸೆಯಿಂದ.

ನಾನು ಟೆಕ್ಸಸ್‌ಗೆ ಬಂದಿದ್ದು 1994ರಲ್ಲಿ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಅಂತ ಎಲ್ಲರೂ ಮನೆಯೊಳಗೆ ಕೂತಿದ್ದಾಗ, ಮಗಳು ಫೋನ್ ಮಾಡಿದಳು. "ಅಪ್ಪಾ, ಸೆನ್ಸಸ್ ಫಾರಂ ತುಂಬ್ತಾ ಇದೀನಿ. ಪಾಪುಗೆ ಏನಂತ ಹಾಕ್ಲಿ?" ಮಗುವಿಗೆ ಆಗ ಐದು ತಿಂಗಳು. ನಮ್ಮ ಬೀಗರು ರಿಯೋ ಗ್ರಾಂಡೆ ನದಿ ದಂಡೆಯ ಸ್ಟಾರ್ ಕೌಂಟಿಯವರು. ಮನೆಮಾತು ಸ್ಪ್ಯಾನಿಷ್. 1845ರಲ್ಲಿ ಟೆಕ್ಸಸ್ ಅಮೆರಿಕಕ್ಕೆ ಸೇರುವ ಮೊದಲೇ ಅವರ ವಂಶ ಅಲ್ಲಿತ್ತು. "ಗಡಿ ದಾಟಿದ್ದು ನಾವಲ್ಲ, ಗಡಿಯೇ ನಮ್ಮನ್ನು ದಾಟಿ ಹೋಯ್ತು" ಅನ್ನೋದು ಆ ಕಡೆಯವರ ಹಳೇ ಮಾತು. ಬೀಗಿತ್ತಿ ಜರ್ಮನ್ ಮೂಲದವರು. ನಾವು ಹಾಸನದ ಕಡೆಯವರು.

ಫಾರಂನಲ್ಲಿ ಮೊದಲ ಪ್ರಶ್ನೆ: ಹಿಸ್ಪ್ಯಾನಿಕ್ಕಾ? ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲವಾ ಅಂತ. ಹೌದು. ಆಮೇಲೆ ಜನಾಂಗ ಯಾವುದು ಅಂತ ಇನ್ನೊಂದು ಪ್ರಶ್ನೆ. ಬಿಳಿ ಅಂತಲೂ ಟಿಕ್, ಏಷ್ಯನ್ ಇಂಡಿಯನ್ ಅಂತಲೂ ಟಿಕ್. 2045ರ ಲೆಕ್ಕದಲ್ಲಿ ಈ ಮಗು ಬಿಳಿಯಲ್ಲ. ಅವರಪ್ಪನೂ ಅಲ್ಲ. ಅಳಿಯಂದಿರು ಜನಾಂಗದ ಕಡೆ ಬಿಳಿ ಅಂತ ಮಾತ್ರ ಟಿಕ್ ಮಾಡುತ್ತಾರೆ, ಆದರೆ ಹಿಸ್ಪ್ಯಾನಿಕ್ ಪ್ರಶ್ನೆಗೆ ಹೌದು ಅಂದಿದ್ದಾರಲ್ಲ, ಅಷ್ಟು ಸಾಕು. ಹಾಲಿಗೆ ಚೂರು ಡಿಕಾಕ್ಷನ್ ಬಿದ್ದರೂ ಅದು ಕಾಫಿ, ಹಾಲಲ್ಲ. ಅದೇ ಅಂದಾಜಿನಲ್ಲಿ ಬಿಳಿ ಅಂತಷ್ಟೇ ಬರೆಸುವ ಹಿಸ್ಪ್ಯಾನಿಕ್ ಜನರನ್ನೂ ಸೇರಿಸಿಕೊಂಡರೆ, 2060ರಲ್ಲೂ ದೇಶದ ಮೂರರಲ್ಲಿ ಎರಡು ಪಾಲು ಬಿಳಿಯರೇ!

ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. 2020ರ ಗಣತಿಯಲ್ಲಿ ಹಿಸ್ಪ್ಯಾನಿಕ್ ಅಲ್ಲದ ಬಿಳಿಯರು ಶೇ. 57.8. ಹದಿನೆಂಟರ ಒಳಗಿನ ಮಕ್ಕಳಲ್ಲಿ ಆಗಲೇ ಅರ್ಧಕ್ಕಿಂತ ಕಡಿಮೆ. ಕಾರಣ ಗುಟ್ಟೇನಲ್ಲ. ಅವರಲ್ಲಿ ವಯಸ್ಸಾದವರು ಜಾಸ್ತಿ, ಮಕ್ಕಳು ಕಡಿಮೆ. 1965ರ ವಲಸೆ ಕಾನೂನು ಯುರೋಪಿಗೆ ಮಣೆ ಹಾಕುವ ಹಳೆಯ ಕೋಟಾ ತೆಗೆಯಿತು. ಆ ಬಾಗಿಲಿನಿಂದಲೇ ನಮ್ಮಂಥವರೂ ಬಂದಿದ್ದು.

ಆದರೆ ಎಷ್ಟು ಬದಲಾವಣೆ ಜನರದು, ಎಷ್ಟು ಫಾರಂನದು ಅಂತ ಬಿಡಿಸೋದು ಕಷ್ಟ. ಒಂದಕ್ಕಿಂತ ಹೆಚ್ಚು ಜನಾಂಗದವರು 2010ರಲ್ಲಿ 90 ಲಕ್ಷ ಇದ್ದರು. 2020ರಲ್ಲಿ 3 ಕೋಟಿ 38 ಲಕ್ಷ! ಹತ್ತು ವರ್ಷದಲ್ಲಿ ಅಷ್ಟೊಂದು ಮಕ್ಕಳು ಹುಟ್ಟಲು ಸಾಧ್ಯವಾ? ಮೂಲ ಯಾವುದು ಅಂತ ಬರೆಯಲು ಜಾಗ ಕೊಟ್ಟರು, ಬರೆದದ್ದನ್ನು ವಿಂಗಡಿಸುವ ಪದ್ಧತಿ ಬದಲಾಯಿಸಿದರು. ಬಹುಪಾಲು ಏರಿಕೆ ಅದರಿಂದಲೇ.

ನಮ್ಮವರ ಕಥೆಯೇ ನೋಡಿ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬರಿದ್ದರು. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ವಲಸೆ ಬಂದವರಿಗೆ ಪೌರತ್ವ ಸಿಗಬೇಕಾದರೆ ಬಿಳಿಯರಾಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು. ನಾನು ಆರ್ಯ, ಹಾಗಾಗಿ ಬಿಳಿಯ ಅಂತ ಇವರು ವಾದ ಹೂಡಿದರು. (ಆ ವಾದ ಓದಿದರೆ ಈಗ ಮುಜುಗರವಾಗುತ್ತದೆ, ಅದು ಬೇರೆ ಮಾತು.) 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯ ಜನ ನಿಮ್ಮನ್ನು ಬಿಳಿಯರು ಅನ್ನುವುದಿಲ್ಲ ಅಂದುಬಿಟ್ಟಿತು. ಆ ಕಾಲದ ಗಣತಿಯಲ್ಲಿ ನಮಗೆ ಇದ್ದ ಜನಾಂಗದ ಹೆಸರು 'ಹಿಂದೂ'. ಪೇಟ ಕಟ್ಟಿದ ಸಿಖ್ಖರೂ ಹಿಂದೂ, ಮುಸ್ಲಿಮರೂ ಹಿಂದೂ. 1970ಕ್ಕೆ ಬನ್ನಿ, ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಅಂತ ಬೇರೆ ಬಾಕ್ಸ್ ಬಂತು. ಮೆಕ್ಸಿಕೋದಿಂದ ಬಂದವರದೂ ಇದೇ ಪಾಡು. 1930ರಲ್ಲಿ 'ಮೆಕ್ಸಿಕನ್' ಅನ್ನೋದೇ ಒಂದು ಜನಾಂಗ, 1940ರಲ್ಲಿ ಮತ್ತೆ ಬಿಳಿ. ಮನುಷ್ಯ ಅವನೇ, ಮನೆ ಅದೇ. ಊರಲ್ಲಿ ಜಾತಿ ಸಮೀಕ್ಷೆಯವರು ಬಂದಾಗ ಯಾವ ಹೆಸರು ಬರೆಸೋದು ಅಂತ ಜಗಲಿ ಮೇಲೆ ಚರ್ಚೆ ನಡೆಯುತ್ತಲ್ಲ, ಅದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿಯರು ಅರ್ಧಕ್ಕಿಂತ ಕಡಿಮೆಯಾದರೆ ಏನಾಗುತ್ತೆ ಅಂತಲೂ ಕೇಳಿದ್ದೀರಿ. ನಾನಿರುವ ಟೆಕ್ಸಸ್‌ನಲ್ಲಿ ಅದು ಆಗಿ ಎಷ್ಟೋ ವರ್ಷವಾಯ್ತು. ಇಲ್ಲಿ ಈಗ ಯಾರಿಗೂ ಬಹುಮತವಿಲ್ಲ. 2020ರಲ್ಲಿ ಬಿಳಿಯರು, ಹಿಸ್ಪ್ಯಾನಿಕ್ಕರು ಇಬ್ಬರೂ ಶೇ. 39 ಚಿಲ್ಲರೆ. ಆಕಾಶ ಕಳಚಿ ಬಿದ್ದಿಲ್ಲ. ಬಿಳಿಯರಲ್ಲದವರೆಲ್ಲ ಒಂದೇ ಕಡೆ ಓಟು ಹಾಕುತ್ತಾರೆ ಅನ್ನೋ ಲೆಕ್ಕಾಚಾರ ಮಾತ್ರ ತಲೆಕೆಳಗಾಗಿದೆ. ಬೀಗರ ಸ್ಟಾರ್ ಕೌಂಟಿಯಲ್ಲಿ ಶೇ. 95ಕ್ಕಿಂತ ಜಾಸ್ತಿ ಹಿಸ್ಪ್ಯಾನಿಕ್ ಜನ. 2024ರಲ್ಲಿ ಅಲ್ಲಿ ಟ್ರಂಪ್ ಗೆದ್ದರು. ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಅಲ್ಲಿ ಗೆದ್ದು ನೂರು ವರ್ಷದ ಮೇಲಾಗಿತ್ತು. ಬೀಗರು ಯಾರಿಗೆ ಹಾಕಿದರು ಅಂತ ನಾನು ಕೇಳಿಲ್ಲ. ಬೀಗತನ ಉಳಿಯಬೇಕಲ್ಲ.

2030ರ ಗಣತಿಗೆ ಫಾರಂ ಮತ್ತೆ ಬೇರೆ. 2024ರ ಮಾರ್ಚ್‌ನಲ್ಲಿ ಬಂದ ನಿಯಮದ ಪ್ರಕಾರ ಆ ಎರಡು ಪ್ರಶ್ನೆ ಸೇರಿ ಒಂದಾಗುತ್ತವೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಹೊಸ ಬಾಕ್ಸ್ ಬರುತ್ತದೆ. ಇಷ್ಟು ವರ್ಷ ಅವರು ಬಿಳಿಯರ ಲೆಕ್ಕದಲ್ಲಿದ್ದರು, ಅಂದರೆ ಯಾರೂ ಹುಟ್ಟದೆ ಸಾಯದೆ ಬಿಳಿಯರ ಸಂಖ್ಯೆ ಇನ್ನೂ ಸ್ವಲ್ಪ ಇಳಿಯುತ್ತದೆ. ನಮ್ಮ ಪಾಪುಗೆ ಆಗ ಹತ್ತು ವರ್ಷ. ಒಂದೇ ಪ್ರಶ್ನೆ, ಮೂರು ಟಿಕ್.